ಆಕಾಶದ ಕಥೆಗೆ ಎಷ್ಟು ಉದ್ರಿ?

ನಮ್ಮ ಸಮಾಜದ ಮನೆಗಳಲ್ಲಿ ಟಿ.ವಿ.ಯ ಮಾತು ಬಂತೆಂದರೆ ಎರಡೇ ಅಭಿಪ್ರಾಯ ಕೇಳಿಬರುತ್ತವೆ. ಒಂದು, ಅದನ್ನು ಬಂದ್ ಮಾಡಿ ಮಕ್ಕಳನ್ನು ಪಾಠಶಾಲೆಗೆ ಕಳಿಸಿರಿ ಎಂಬುದು. ಇನ್ನೊಂದು, ನೋಡುವುದೇ ಆದರೆ ಪುರಾಣದ್ದೋ ಸಂಸಾರದ್ದೋ ನೋಡಲಿ, ಆಕಾಶನೌಕೆ, ಯಂತ್ರಮಾನವ, ಬೇರೆ ಗ್ರಹದ ಪ್ರಾಣಿ ಇಂಥ ಹುಚ್ಚಾಟ ಬೇಡ ಎಂಬುದು. ಈ ಎರಡನೆಯ ಮಾತನ್ನು ನಾನು ನಮ್ಮ ಮನೆಯಲ್ಲಿಯೇ ಎಷ್ಟೋ ಸಲ ಕೇಳಿದ್ದೇನೆ. ಅದಕ್ಕೆ ನನ್ನ ಉತ್ತರ ಬರೆಯಬೇಕೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ನಾನು ಸಾಹಿತಿಯಲ್ಲ, ವಿಜ್ಞಾನಿಯೂ ಅಲ್ಲ. ಉಮರ್ಗಾದಲ್ಲಿ 40 ವರ್ಷ ಕಾಳಿನ ವ್ಯಾಪಾರ ಮಾಡಿ ಈಗ ಗಲ್ಲಾವನ್ನು ಮಗನಿಗೆ ಬಿಟ್ಟುಕೊಟ್ಟವನು. ಚೀಲದ ಮೇಲಿನ ಛಾಪು ನೋಡಿ ಮಾಲು ಕೊಳ್ಳಬಾರದು, ಕೈ ಹಾಕಿ ಒಂದು ಹಿಡಿ ಕಾಳು ಹೊರಗೆ ತೆಗೆದು ನೋಡಬೇಕು ಎಂಬಷ್ಟು ಬುದ್ಧಿಯನ್ನು ಈ ವ್ಯಾಪಾರ ನನಗೆ ಕಲಿಸಿದೆ. ಟಿ.ವಿ.ಯ ಕಥೆಗಳನ್ನೂ ನಾನು ಹಾಗೆಯೇ ನೋಡಿದ್ದೇನೆ.

ನಮ್ಮ ಭಾಗದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು. ಉಮರ್ಗಾ, ನಿಲಂಗಾ, ಉದಗೀರ ಇವು ಮಹಾರಾಷ್ಟ್ರದ ಊರುಗಳು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ ಮತ್ತು ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿಯೇ ಇದ್ದವು. ಉಮರ್ಗಾ ಹಿಂದಿನ ಉಸ್ಮಾನಾಬಾದ, ಈಗಿನ ಧಾರಾಶಿವ ಜಿಲ್ಲೆಯದು. ಗಡಿ ದಾಟಿದರೆ ಒಂದು ಕಡೆ ಆಳಂದ, ಇನ್ನೊಂದು ಕಡೆ ಬಸವಕಲ್ಯಾಣ. ನನ್ನ ಅಂಗಡಿ ಉಮರ್ಗಾದಲ್ಲಿ, ತಂಗಿಯನ್ನು ಕೊಟ್ಟದ್ದು ನಿಲಂಗಾಕ್ಕೆ, ನನ್ನ ಹೆಂಡತಿಯ ತವರು ಉದಗೀರ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ಮರಾಠಿ, ಹಳೆಯ ಗಿರಾಕಿಗಳ ಜೊತೆ ದಖ್ಖನಿ. ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಮನೆಗಳಾದ್ದರಿಂದ ನಮ್ಮ ಸಂಜೆಗಳು ಉದ್ದ. ಆ ಉದ್ದನೆಯ ಸಂಜೆಯಲ್ಲಿ ಟಿ.ವಿ. ಬಂದು ಕುಳಿತದ್ದು ಸಹಜವೇ ಆಗಿತ್ತು.

ನಾನು ಮೊದಲ ಸಲ ಟಿ.ವಿ. ನೋಡಿದ್ದು ಮಾತ್ರ ಮನೆಯಲ್ಲಲ್ಲ. 1975ರ ಚಳಿಗಾಲದಲ್ಲಿ ಅಪ್ಪನ ಜೊತೆ ವಸೂಲಿಗೆಂದು ಆಗಿನ ಗುಲ್ಬರ್ಗ ಜಿಲ್ಲೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಸಂಜೆ ಊರ ಜನವೆಲ್ಲ ಒಂದು ಪೆಟ್ಟಿಗೆಯ ಮುಂದೆ ಕುಳಿತಿತ್ತು. ಹತ್ತಿರದಲ್ಲಿ ಕೋಳಿಗೂಡಿಗೆ ಬಿಗಿಯುವಂಥ ತಂತಿಬಲೆಯಿಂದ ಮಾಡಿದ, ಸುಮಾರು 10 ಅಡಿ ಅಗಲದ ಒಂದು ತಟ್ಟೆ ಆಕಾಶಕ್ಕೆ ಮುಖ ಮಾಡಿತ್ತು. ಅದು ‘ಸೈಟ್’ ಎಂಬ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ, ನಮ್ಮ ದೇಶದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿದ ಪ್ರಯೋಗ. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ವಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ ಸಿಕ್ಕಿತ್ತು. ತೋರಿಸುತ್ತಿದ್ದುದು ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಆದರೆ ಆ ತಟ್ಟೆಯ ಹಿಂದೆ ಒಬ್ಬ ಕಥೆಗಾರನಿದ್ದ ಎಂಬುದು ನನಗೆ ಎಷ್ಟೋ ವರ್ಷಗಳ ಮೇಲೆ ಓದಿ ತಿಳಿಯಿತು.

ಆತ ಆರ್ಥರ್ ಸಿ. ಕ್ಲಾರ್ಕ್. ಮುಂದೆ ವಿಜ್ಞಾನ ಕಥೆಗಳಿಂದ ಜಗತ್ಪ್ರಸಿದ್ಧನಾದವನು. 1945ರಲ್ಲಿಯೇ ಒಂದು ಲೇಖನ ಬರೆದು, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದು ಉಪಗ್ರಹವನ್ನು ಇಟ್ಟರೆ ಅದು ಭೂಮಿಯ ಜೊತೆಗೇ ತಿರುಗುತ್ತ ನಿಂತಲ್ಲಿಯೇ ನಿಂತಂತೆ ಕಾಣುವುದು, ಅಲ್ಲಿಂದ ಅರ್ಧ ಜಗತ್ತಿಗೆ ಪ್ರಸಾರ ಮಾಡಬಹುದು ಎಂದು ಲೆಕ್ಕ ಹಾಕಿ ತೋರಿಸಿದ್ದ. ಆಗ ಆಕಾಶದಲ್ಲಿ ಮನುಷ್ಯ ಹಾರಿಸಿದ ಉಪಗ್ರಹ ಒಂದೂ ಇರಲಿಲ್ಲ. ಮೊದಲನೆಯದು ಹಾರಿದ್ದು 1957ರಲ್ಲಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆತ 1945ರಲ್ಲಿ ಬರೆದುಕೊಟ್ಟ ಹುಂಡಿ 30 ವರ್ಷಗಳ ಮೇಲೆ ಗುಲ್ಬರ್ಗದ ಹಳ್ಳಿಯಲ್ಲಿ ಪಾವತಿಯಾಯಿತು. ಹುಚ್ಚಾಟ ಎನ್ನುವವರಿಗೆ ಇದು ನನ್ನ ಮೊದಲ ಉತ್ತರ.

ನಮ್ಮ ಮನೆಗೆ ಟಿ.ವಿ. ಬಂದದ್ದು 1987ರಲ್ಲಿ, ‘ರಾಮಾಯಣ’ಕ್ಕಾಗಿ. ಆ ವರ್ಷದ ಜನವರಿಯಲ್ಲಿ ಶುರುವಾದ ಆ ಧಾರಾವಾಹಿಯ ಹೊತ್ತಿಗೆ ರವಿವಾರ ಬೆಳಿಗ್ಗೆ ಇಡೀ ಓಣಿ ನಮ್ಮ ಪಡಸಾಲೆಯಲ್ಲಿರುತ್ತಿತ್ತು. ನಮ್ಮ ಅವ್ವ ಮಂದಿರದಲ್ಲಿ ವರ್ಷಾನುವರ್ಷ ಶಾಸ್ತ್ರ ಕೇಳಿದವಳು. ಭಕ್ತಿಯಿಂದ ನೋಡುತ್ತಲೇ ನಡುನಡುವೆ, “ನಮ್ಮ ಪದ್ಮಪುರಾಣದಾಗ ಹಿಂಗಿಲ್ಲ ನೋಡು” ಎನ್ನುವಳು. ಅವಳ ಮಾತು ನಿಜ. ನಮ್ಮ ರಾಮಕಥೆಯಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ರಾವಣನಿಗೆ ಹತ್ತು ತಲೆಗಳಿಲ್ಲ. ಕೊರಳ ಹಾರದ ಮಣಿಗಳಲ್ಲಿ ಅವನ ಮುಖ ಪ್ರತಿಬಿಂಬಿಸಿ ಹತ್ತಾಗಿ ಕಂಡದ್ದು. ವಾನರರು ಮಂಗಗಳಲ್ಲ, ಕಪಿಯ ಚಿಹ್ನೆಯ ಧ್ವಜವುಳ್ಳ ವಿದ್ಯಾಧರರು. ವಿಮಲಸೂರಿಯ ‘ಪಉಮಚರಿಯ’ದಲ್ಲಿ ಶ್ರೇಣಿಕ ಮಹಾರಾಜನು, ಅಷ್ಟು ಬಲಿಷ್ಠರಾದ ರಾಕ್ಷಸರನ್ನು ಬರಿಯ ಕಪಿಗಳು ಹೇಗೆ ಸೋಲಿಸಿದವು ಎಂದು ಸಂಶಯಪಟ್ಟು ಗೌತಮ ಗಣಧರರನ್ನು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಾಗಿಯೇ ಕಥೆ ಹೊರಡುತ್ತದೆ. ನಮ್ಮ ನಾಗಚಂದ್ರನ ಪಂಪರಾಮಾಯಣವೂ ಅದೇ ದಾರಿಯದು. ಕಥೆಯನ್ನು ಕೇಳುತ್ತ ಅದರ ಲೆಕ್ಕವನ್ನೂ ಕೇಳುವುದು ಅಶ್ರದ್ಧೆಯಲ್ಲ, ನಮ್ಮ ಹಿರಿಯರ ರೂಢಿ.

ಉದಗೀರದ ಮಾವನವರ ಮನೆಗೆ ನಮಗಿಂತ ಮೊದಲೇ ಟಿ.ವಿ. ಬಂದಿತ್ತು. ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ನೋಡಿದ್ದು ಅಲ್ಲಿ. 1966ರಿಂದ 1969ರವರೆಗೆ ಅಮೆರಿಕದಲ್ಲಿ ತಯಾರಾದ 79 ಕಥೆಗಳ ಸರಣಿ. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಚೂಪು ಕಿವಿಯ ಸ್ಪಾಕ್ ಎಂಬವನು ಮಾತ್ರ ಎಲ್ಲರಿಗೂ ಹಿಡಿಸಿದ್ದ. ಕೋಪ-ತಾಪಗಳನ್ನು ಗೆದ್ದು ಬರಿಯ ವಿಚಾರದಿಂದ ಬದುಕುವ ಜನಾಂಗದವನು, ಮಾಂಸ ಮುಟ್ಟದವನು. ಆ ಸರಣಿಗೆ ಹಣದ ಅಡಚಣೆ ಬಹಳ. ಪ್ರತಿ ವಾರ ಆಕಾಶನೌಕೆ ಹೊಸ ಗ್ರಹದಲ್ಲಿ ಇಳಿಯುವುದನ್ನು ತೋರಿಸಲು ಖರ್ಚು ಹೆಚ್ಚು ಬೀಳುತ್ತದೆಂದು, ಮನುಷ್ಯರನ್ನು ಕಿರಣವಾಗಿಸಿ ಕೆಳಗೆ ಇಳಿಸುವ ಯಂತ್ರವನ್ನು ಕಲ್ಪಿಸಿಕೊಂಡರು. ಸರ್ರನೆ ತಾವಾಗಿಯೇ ತೆರೆಯುವ ಬಾಗಿಲುಗಳನ್ನು ಹಿಂದೆ ನಿಂತ ಆಳುಗಳು ಕೈಯಿಂದ ಎಳೆಯುತ್ತಿದ್ದರು. ಬಂಡವಾಳ ಕಡಿಮೆಯಿದ್ದವನ ಜಾಣತನ ವ್ಯಾಪಾರಿಗೆ ಬೇಗ ಅರ್ಥವಾಗುತ್ತದೆ.

1989ರ ಸುಮಾರಿಗೆ ನಮ್ಮವರೇ ಮಾಡಿದ ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು. ಕ್ಯಾಪ್ಟನ್ ತಾರಾ, ಅವನ ವೈರಿ ಜಖಾಕು. ಗೋಡೆಗಳು ರಟ್ಟಿನವೆಂದು ಮಕ್ಕಳಿಗೂ ಗೊತ್ತಾಗುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಅದೇ ವರ್ಷ ಆನಂದ ಮಹೇಂದ್ರೂ ಅವರ ‘ಇಂದ್ರಧನುಷ್’. ಅದರಲ್ಲಿ ನಮ್ಮ ಗಿರೀಶ ಕಾರ್ನಾಡರಿದ್ದರು. ಒಂದು ಕಂಪ್ಯೂಟರಿನ ಸುತ್ತ ಸೇರಿದ ಹುಡುಗರು ಕಾಲದಲ್ಲಿ ಹಿಂದಕ್ಕೆ ಹೋಗುವ ಕಥೆ. ಆಗ ಉಮರ್ಗಾದ ಹುಡುಗರಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವರೇ ಅಪರೂಪ. ನನ್ನ ಅಣ್ಣನಿಗೆ ಇದೆಲ್ಲ ಸೇರುತ್ತಿರಲಿಲ್ಲ. “ಸುಳ್ಳು ಅಂದ್ರ ಸುಳ್ಳು. ಹುಡುಗರ ತಲಿ ಕೆಡಸತದ” ಎಂದು ಗದರಿಸುವನು.

ಅಣ್ಣನ ಮಾತಿಗೆ ಉತ್ತರ ಹುಡುಕುತ್ತ ನನಗೆ ಒಂದು ಲೆಕ್ಕ ಹೊಳೆಯಿತು. ಪ್ರತಿಯೊಂದು ಕಥೆಯೂ ನಮ್ಮ ಅಂಗಡಿಗೆ ಉದ್ರಿ ಕೇಳಲು ಬಂದ ಗಿರಾಕಿಯ ಹಾಗೆ. ಒಳ್ಳೆಯ ವಿಜ್ಞಾನ ಕಥೆ ಬಾಗಿಲಲ್ಲಿ ನಿಂತು ಒಂದೇ ಒಂದು ಉದ್ರಿ ಕೇಳುತ್ತದೆ. ಮನುಷ್ಯ ನಕ್ಷತ್ರಗಳ ನಡುವೆ ಪ್ರಯಾಣ ಮಾಡುವಂತಾದ ಎಂದು ತಿಳಿಯಿರಿ, ಅಥವಾ ಕಾಲದಲ್ಲಿ ಹಿಂದಕ್ಕೆ ಹೋಗಬಹುದು ಎಂದು ತಿಳಿಯಿರಿ, ಇಷ್ಟನ್ನು ಒಪ್ಪಿರಿ ಸಾಕು ಎನ್ನುತ್ತದೆ. ಅಲ್ಲಿಂದ ಮುಂದೆ ಪೈಸೆ ಪೈಸೆಗೆ ಲೆಕ್ಕ ಕೊಡಬೇಕು. ಹೀಗಾದರೆ ಮುಂದೇನು, ಅದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಮನುಷ್ಯನ ಆಸೆ-ಭಯಗಳು ಆಗ ಹೇಗೆ ನಡೆದುಕೊಳ್ಳುತ್ತವೆ, ಎಲ್ಲವೂ ಜಮಾ-ಖರ್ಚಿಗೆ ಕೂಡಬೇಕು. ಕೂಡಿದರೆ ಕಥೆ ಒಳ್ಳೆಯದು. ಗೋಡೆ ರಟ್ಟಿನದಾದರೂ ಮಾಲು ಚೊಕ್ಕ.

ಪುರಾಣದ ಧಾರಾವಾಹಿ ಉದ್ರಿ ಕೇಳುವುದಿಲ್ಲ, ಅದರ ಠೇವಣಿ ನಮ್ಮ ಮನಸ್ಸಿನಲ್ಲಿ ಮೊದಲೇ ಇದೆ. ಆದರೆ ಕೊನೆಯೂ ಮೊದಲೇ ಗೊತ್ತಿದೆ. ಅಲ್ಲಿ ಸಿಗುವ ಸುಖ ಗೊತ್ತಿದ್ದುದನ್ನು ಮತ್ತೆ ಕಾಣುವ ಸುಖ. ‘ಹಮ್ ಲೋಗ್’, ಶಂಕರ್ ನಾಗರ ‘ಮಾಲ್ಗುಡಿ ಡೇಸ್’ ಇವು ಕಣ್ಣೆದುರಿನ ಬದುಕನ್ನೇ ರೋಖವಾಗಿ ಕೊಟ್ಟವು, ಅವುಗಳ ಗುಣಕ್ಕೆ ಎರಡು ಮಾತಿಲ್ಲ. ತೊಂದರೆ ಇರುವುದು ವಾರವಾರಕ್ಕೂ ಹೊಸ ಉದ್ರಿ ಕೇಳುವ ಕಥೆಗಳಲ್ಲಿ. 2000ರಲ್ಲಿ ಶುರುವಾದ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ಯಲ್ಲಿ ಮಿಹಿರ್ ಸತ್ತ, ಮನೆಮನೆಯಲ್ಲಿ ಅತ್ತರು. ಆಮೇಲೆ ಅವನು ಬದುಕಿ ಬಂದ. ಆಕಾಶನೌಕೆಯನ್ನು ನಂಬದ ನನ್ನ ಅಣ್ಣ ಇದನ್ನು ನಂಬಿದ!

ಆದರೆ ನನ್ನ ತಂಗಿಯ ಮಾತನ್ನೂ ಇಲ್ಲಿ ಬರೆಯಬೇಕು. ನಿಲಂಗಾದ ಅವಳ ಮನೆಯಲ್ಲಿ ನಾನು ಈ ಉದ್ರಿಯ ಲೆಕ್ಕ ಹೇಳಿದಾಗ ಅವಳು ಹಪ್ಪಳದ ಹಿಟ್ಟು ನಾದುತ್ತ ಹೇಳಿದಳು: “ಅಣ್ಣಾ, ನಿನ್ನ ಆಕಾಶದಾಗ ಅಡಿಗಿ ಯಾರು ಮಾಡತಾರ? ಮುದುಕರ ಕಾಲು ಯಾರು ಒತ್ತತಾರ? ನಮ್ಮ ದಿನ ಹೆಂಗ ಹೋಗತದ ಅಂತ ತೋರಸೂದು ಆ ಸೀರಿಯಲ್ಲ ಒಂದ. ಸುಳ್ಳು ಇರಲಿ, ನಮ್ಮ ಸುಳ್ಳು ಅದು.” ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇವತ್ತಿಗೂ ಇಲ್ಲ. ಆಕಾಶದ ಕಥೆಗಳಲ್ಲಿ ಯಂತ್ರದ ವಿವರ ಹೆಚ್ಚು, ಮನೆತನ ಕಡಿಮೆ. ಇನ್ನೊಂದು ದೋಷವೂ ಇದೆ. ವಿಜ್ಞಾನದ ಹೆಸರಿನಲ್ಲಿ ಬರುವ ಬಹಳಷ್ಟು ಕಾರ್ಯಕ್ರಮ ಬರಿಯ ಹೊಡೆದಾಟ. 1998ರಲ್ಲಿ ಬಂದ ‘ಕ್ಯಾಪ್ಟನ್ ವ್ಯೋಮ್’ ನೋಡಲು ಚೆಂದವಿತ್ತು, ಆದರೆ ತಪ್ಪಿಸಿಕೊಂಡ ಅಪರಾಧಿಗಳ ಬೇಟೆಯೇ ಅದರ ಜೀವ. 1997ರಿಂದ 2005ರವರೆಗೆ ನಡೆದ ‘ಶಕ್ತಿಮಾನ್’ ಮಕ್ಕಳಿಗೆ ಒಳ್ಳೆಯ ನಡತೆಯ ಪಾಠ ಹೇಳಿತು, ನಿಜ. ಆದರೆ ಅಲ್ಲಿ ಎಲ್ಲ ತೊಡಕೂ ನಾಯಕನ ಶಕ್ತಿಯಿಂದಲೇ ಬಿಡಿಸಿಹೋಗುತ್ತದೆ, ಪ್ರಶ್ನೆಗೆ ಜಾಗವಿಲ್ಲ. ಬಂದೂಕನ್ನು ಲೇಸರ್ ಎಂದು ಕರೆದ ಮಾತ್ರಕ್ಕೆ ಅದು ವಿಜ್ಞಾನವಾಗುವುದಿಲ್ಲ.

ಹಾಗಾದರೆ ಒಳ್ಳೆಯ ಮಾಲು ಯಾವುದು? ಮೂರು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಆಗ 10 ವರ್ಷದವಳಾಗಿದ್ದ ನನ್ನ ಮೊಮ್ಮಗಳು ಹಳೆಯ ‘ಸ್ಟಾರ್ ಟ್ರೆಕ್’ನ 1967ರ ಒಂದು ಕಥೆಯನ್ನು ಹಾಕಿ ಮನೆಮಂದಿಗೆಲ್ಲ ತೋರಿಸಿದಳು. ದೂರದ ಗ್ರಹವೊಂದರ ಗಣಿ. ಕತ್ತಲಿನ ಸುರಂಗದಲ್ಲಿ ಯಾವುದೋ ಪ್ರಾಣಿ ಒಬ್ಬೊಬ್ಬರನ್ನಾಗಿ ಗಣಿಗಾರರನ್ನು ಕೊಲ್ಲುತ್ತಿದೆ. ಅದನ್ನು ಕೊಂದು ಕೆಲಸ ಶುರು ಮಾಡಿಸಿರಿ, ಖನಿಜ ಕಳಿಸುವುದು ತಡವಾಗುತ್ತಿದೆ ಎಂದು ಅವರ ಒತ್ತಾಯ. ಹುಡುಕಿದರೆ ಅದು ಕಲ್ಲಿನಂಥದೇ ಒಂದು ಜೀವ, ಬಂಡೆಯನ್ನು ಕರಗಿಸಿ ದಾರಿ ಮಾಡಿಕೊಂಡು ಬದುಕುವುದು. ಸ್ಪಾಕ್ ಅದರ ಮೈಮೇಲೆ ಕೈಯಿಟ್ಟು ಅದರ ಮನಸ್ಸನ್ನು ಅರಿಯುತ್ತಾನೆ. ಗಣಿಗಾರರು ಕೆಲಸಕ್ಕೆ ಬಾರದ ಗುಂಡುಕಲ್ಲೆಂದು ಒಡೆದುಹಾಕುತ್ತಿದ್ದ ಸಾವಿರಾರು ಗೋಳಗಳು ಅದರ ತತ್ತಿಗಳು. ಅದು ತಾಯಿ. ಗಾಯಗೊಂಡ ಅದಕ್ಕೆ ನೌಕೆಯ ಡಾಕ್ಟರು ಕಾಂಕ್ರೀಟಿನ ಮುಲಾಮು ಹಚ್ಚಿ ಗುಣ ಮಾಡುತ್ತಾನೆ. ಕೊನೆಗೆ ಒಪ್ಪಂದವಾಗುತ್ತದೆ. ಮರಿಗಳು ತಮ್ಮ ಸ್ವಭಾವದಂತೆ ಬಂಡೆ ಕೊರೆಯುತ್ತವೆ, ಕೊರೆದಲ್ಲಿ ಸಿಕ್ಕ ಖನಿಜವನ್ನು ಮನುಷ್ಯರು ತೆಗೆದುಕೊಳ್ಳುತ್ತಾರೆ. ಯಾರೂ ಯಾರನ್ನೂ ಕೊಲ್ಲುವುದಿಲ್ಲ, ವ್ಯಾಪಾರವೂ ಮೊದಲಿಗಿಂತ ಚೆನ್ನಾಗಿ ನಡೆಯುತ್ತದೆ. ಪೃಥ್ವೀಕಾಯದಲ್ಲಿಯೂ ಜೀವ ಕಾಣುವ ನಮಗೆ ಈ ಉದ್ರಿ ಕೊಡುವುದು ಕಷ್ಟವಾಗಲಿಲ್ಲ.

ಕಥೆ ಮುಗಿಯಿತು. ಮೊಮ್ಮಗಳು ನನ್ನ ಕಡೆ ತಿರುಗಿ, “ಅಜ್ಜಾ, ತೊಗರಿ ಮ್ಯಾಲೆ ಬಿಳಿ ಚುಕ್ಕಿ ತೋರಿಸಿದ್ದೆಲ್ಲಾ, ಅವು ನುಸಿ ತತ್ತಿ ಅಂತ. ಅವಕ್ಕೂ ಅವ್ವ ಇರತಾಳೇನು?” ಎಂದಳು.

ಕಾಳಿನ ವ್ಯಾಪಾರ ಮಾಡುವ ಓದುಗರಿಗೆ ಈ ಪ್ರಶ್ನೆ ಎಲ್ಲಿ ನಾಟುತ್ತದೆ ಎಂದು ಹೇಳಬೇಕಾಗಿಲ್ಲ. ಹುಳ ಕಾಳಿನ ಮೇಲ್ಮೈಗೆ ತತ್ತಿ ಅಂಟಿಸುತ್ತದೆ, ಮರಿ ಒಳಗೆ ಕೊರೆದು ಬೆಳೆಯುತ್ತದೆ. ಮಳೆಗಾಲದಲ್ಲಿ ಇಡೀ ಕಾಳು ಗೋದಾಮಿನಲ್ಲಿದ್ದರೆ ತಾಡಪತ್ರಿ ಮುಚ್ಚಿ ವಿಷದ ಗುಳಿಗೆ ಇಡಬೇಕು. ನಮ್ಮ ಅಪ್ಪ ಗುಳಿಗೆ ಇಡಿಸಿದ ದಿನ ಉಪವಾಸ ಮಾಡುತ್ತಿದ್ದರು. ಯಾಕೆಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಮಗ ಹೇಳಿದ: “ಅದು ಕತಿ ಅದ, ಇದು ವ್ಯಾಪಾರ. ಔಷಧ ಇಡದಿದ್ರ ಮಾಲೆಲ್ಲ ಹಿಟ್ಟಾಗತದ. ಇದು ಉದ್ಯೋಗಿ ಹಿಂಸಾ, ಸಂಸಾರಸ್ಥರಿಗೆ ತಪ್ಪಿದ್ದಲ್ಲ ಅಂತ ಶಾಸ್ತ್ರದಾಗನ ಅದ.”

“ಆ ಗಣಿ ಮಂದಿನೂ ಹಂಗ ಅಂದ್ರಲ್ಲ ಪಪ್ಪಾ,” ಎಂದಳು ಹುಡುಗಿ.

ಮಗ ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಶಾಸ್ತ್ರದ ಮಾತು ಅವನು ತಪ್ಪು ಹೇಳಿರಲಿಲ್ಲ. ಸಂಕಲ್ಪಿ ಹಿಂಸೆಯನ್ನು ಶ್ರಾವಕ ಬಿಡಲೇಬೇಕು, ಉದ್ಯೋಗದಲ್ಲಿ ಆಗುವುದನ್ನು ಆದಷ್ಟು ಕಡಿಮೆ ಮಾಡಬೇಕು. ಪ್ರಶ್ನೆ ಇದ್ದುದು ಆ “ಆದಷ್ಟು” ಎಂಬುದರಲ್ಲಿ. ಎಷ್ಟು? ಮುಂದಿನ ಕೆಲವು ದಿನ ನಾವಿಬ್ಬರೂ ಕಾಗದ ಹಿಡಿದು ಲೆಕ್ಕ ಹಾಕಿದೆವು. ಬೇಳೆಗೆ ಈ ಹುಳದ ಕಾಟ ಇಡೀ ಕಾಳಿಗಿಂತ ಕಡಿಮೆ. ಸುಗ್ಗಿಯಲ್ಲಿಯೇ ಕಾಳನ್ನು ಚೆನ್ನಾಗಿ ಒಣಗಿಸಿ ಬೇಳೆ ಮಾಡಿಸಿ ಮಾರಿದರೆ ಮಳೆಗಾಲದ ಗುಳಿಗೆ ಬೇಡ. ಆದರೆ ಶ್ರಾವಣದವರೆಗೆ ಇಟ್ಟರೆ ಸಿಗಬಹುದಾದ ದರವೂ ಇಲ್ಲ. ಆ ಲಾಭವೇ ನಮ್ಮ ವರ್ಷದ ದೊಡ್ಡ ಲಾಭ. ಹಿಂದಿನ ಸುಗ್ಗಿಯಲ್ಲಿ ಮಗ ಅರ್ಧ ಮಾಲನ್ನು ಹೋಳಿಹಬ್ಬದೊಳಗೆ ಉದಗೀರದ ದಾಲ್ ಮಿಲ್ಲಿಗೆ ಕಳಿಸಿದ. ಉಳಿದರ್ಧಕ್ಕೆ ಗುಳಿಗೆ ಇಡಲೇಬೇಕಾಯಿತು. ಈ ಸಲ ಎಷ್ಟು ಕಳಿಸುತ್ತಾನೋ ನನಗೆ ಗೊತ್ತಿಲ್ಲ, ಬ್ಯಾಂಕಿನ ಕಂತು ಕಟ್ಟುವವನು ಅವನು. ಆದರೆ ಅಪ್ಪ ಒಬ್ಬರೇ ಉಪವಾಸದಲ್ಲಿ ಕಟ್ಟುತ್ತಿದ್ದ ಬಾಕಿ ಈಗ ಮನೆಯ ಎಲ್ಲರಿಗೂ ಕಾಣುವಂತೆ ಖಾತೆಗೆ ಹತ್ತಿದೆ. ಯಾವ ಸಂಸಾರದ ಧಾರಾವಾಹಿಯೂ ನಮ್ಮ ಮನೆಯಲ್ಲಿ ಈ ಕೆಲಸ ಮಾಡಿರಲಿಲ್ಲ. ಅವು ನಮ್ಮನ್ನು ಅಳಿಸಿದವು, ನಗಿಸಿದವು, ಮರುದಿನ ಅಂಗಡಿ ಎಂದಿನಂತೆ ತೆರೆಯಿತು.

“ಹೀಗಾದರೆ?” ಎಂಬುದು ವಿಜ್ಞಾನ ಕಥೆಯ ಪ್ರಶ್ನೆ. ಯೋಚಿಸಿ ನೋಡಿರಿ, ಅದು ವ್ಯಾಪಾರಿಯ ಪ್ರಶ್ನೆಯೂ ಹೌದು. ಮಳೆ ತಡವಾದರೆ? ಸರ್ಕಾರ ಆಮದು ತೆರೆದರೆ? ದಿನಕ್ಕೆ ಹತ್ತು ಸಲ ಹೀಗೆ ಕೇಳಿಕೊಳ್ಳದವನ ಅಂಗಡಿ ಉಳಿಯುವುದಿಲ್ಲ. ನಮ್ಮ ಮಕ್ಕಳಿಗೆ ಈ ಕಥೆಗಳು ಸಲ್ಲದವು ಎನ್ನುವುದು ನಮ್ಮ ಕಸುಬನ್ನೇ ಮರೆತ ಮಾತು.

ತಂಗಿಯ ಆಕ್ಷೇಪಣೆ ಮಾತ್ರ ಉಳಿದೇ ಇದೆ. ಅದನ್ನು ತೀರಿಸಬೇಕಾದವರು ನಮ್ಮ ಭಾಷೆಗಳಲ್ಲಿ ಬರೆಯುವವರು. ಮರಾಠಿಯಲ್ಲಿ ಜಯಂತ ನಾರಳೀಕರರು ಆ ಕೆಲಸ ಮಾಡಿದರು. 2025ರ ಮೇ ತಿಂಗಳಲ್ಲಿ ತೀರಿಕೊಂಡ ಈ ದೊಡ್ಡ ಖಗೋಳ ವಿಜ್ಞಾನಿ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ತಮ್ಮ ಮೊದಲ ವಿಜ್ಞಾನ ಕಥೆಯನ್ನು ‘ನಾರಾಯಣ ವಿನಾಯಕ ಜಗತಾಪ’ ಎಂಬ ಬೇರೆ ಹೆಸರಿನಲ್ಲಿ ಕಳಿಸಿ ಬಹುಮಾನ ಪಡೆದರು. ಛಾಪು ಮರೆಮಾಡಿ ಮಾಲನ್ನು ಪರೀಕ್ಷೆಗೆ ಇಟ್ಟಂತಾಯಿತು. ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಈ ದಾರಿ ತೆರೆದವರು. ಟಿ.ವಿ.ಯಲ್ಲಿ ಮಾತ್ರ ನಮ್ಮ ಅಡುಗೆಮನೆ, ನಮ್ಮ ಗೋದಾಮು ಇರುವ ಅಂಥ ಕಥೆಯನ್ನು ನಾನು ಇನ್ನೂ ನೋಡಿಲ್ಲ.

ವಸ್ತುವಿಗೇನೂ ಬರಗಾಲವಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಭೂಕಂಪ ನಮ್ಮ ಸುತ್ತಲಿನ ಊರುಗಳನ್ನೇ ಮಣ್ಣು ಮಾಡಿತು. 2016ರ ಏಪ್ರಿಲಿನಲ್ಲಿ ಲಾತೂರಿಗೆ ಕುಡಿಯುವ ನೀರು ಮೀರಜದಿಂದ, ಸುಮಾರು 340 ಕಿ.ಮೀ. ದೂರದಿಂದ, ರೈಲಿನಲ್ಲಿ ಬಂತು. 1990ರಲ್ಲಿ ಯಾರಾದರೂ ಇದನ್ನು ಧಾರಾವಾಹಿಯಲ್ಲಿ ತೋರಿಸಿದ್ದರೆ ನನ್ನ ಅಣ್ಣ ಖಂಡಿತ ಟಿ.ವಿ. ಬಂದ್ ಮಾಡಿಸುತ್ತಿದ್ದ. ಮುಂದಿನ ಸಲ ಆ ರೈಲೂ ಬಾರದಿದ್ದರೆ ಒಂದು ಮನೆಯ ಹೆಣ್ಣುಮಗಳು ಇರುವ ನಾಲ್ಕು ಕೊಡ ನೀರನ್ನು ಸೋಸಿ ಯಾರಿಗೆ ಎಷ್ಟು ಹಂಚುತ್ತಾಳೆ? ಇದನ್ನು ಬರೆಯಲು ಆಕಾಶನೌಕೆ ಬೇಕಿಲ್ಲ. ನಮ್ಮ ಮನೆಗಳಲ್ಲಿ ಓದಿದ ಹುಡುಗ-ಹುಡುಗಿಯರು ಬಹಳ ಇದ್ದಾರೆ. ಅವರಲ್ಲಿ ಒಬ್ಬರು ಬರೆದು ಈ ಪತ್ರಿಕೆಗೇ ಕಳಿಸಲಿ. ಮೊದಲು ನಿಲಂಗಾದ ನನ್ನ ತಂಗಿಗೆ ಓದಿ ಹೇಳುತ್ತೇನೆ. ಅವಳು ಒಪ್ಪಿದರೆ ಮಾಲು ಚೊಕ್ಕವೆಂದೇ ಲೆಕ್ಕ.